ಇಂಡೋ-ಚೈನೀಸ್ ಊಟ ಕೈಕೊಟ್ಟಾಗ: ಟೇಬಲ್ಲಿನಲ್ಲೇ ಕೂತು ದೋಷ ಹಿಡಿಯುವ ಕೈಪಿಡಿ

“ಚೆನ್ನಾಗಿಲ್ಲ” ಎಂದು ವೇಟರ್‌ಗೆ ಹೇಳಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ತಟ್ಟೆ ಒಳಗೆ ಹೋಗುತ್ತದೆ. ಅದೇ ಗೋಬಿಯ ಮೇಲೆ ಇನ್ನೊಂದು ಸೌಟು ಸಾಸ್ ಬೀಳುತ್ತದೆ. ಬಾಣಲೆಯಲ್ಲಿ ಒಂದು ಸುತ್ತು ತಿರುಗಿ ವಾಪಸ್ ಬರುತ್ತದೆ. ಮೊದಲು ಬರೀ ಮೆತ್ತಗಿತ್ತು. ಈಗ ಮೆತ್ತಗೂ ಇದೆ, ಉಪ್ಪೂ ಜಾಸ್ತಿ. ಏನು ಕೆಟ್ಟಿದೆ ಎಂದು ಬಿಡಿಸಿ ಹೇಳದಿದ್ದರೆ ಅಡುಗೆಮನೆಯವರು ಮಾಡುವ ರಿಪೇರಿ ಇಷ್ಟೇ.

ಈ ಹೋಟೆಲುಗಳಲ್ಲಿ ಊಟ ಕೆಡುವುದು ಮಸಾಲೆಯಿಂದ ಕಡಿಮೆ. ಉರಿ ಸಾಲದೆ ಕೆಡುತ್ತದೆ, ನೀರಿನಂಶ ಆರದೆ ಕೆಡುತ್ತದೆ, ಮಾಡಿದ್ದು ಕಾದು ಕೂತು ಕೆಡುತ್ತದೆ. ಈ ಮೂರೂ ತಟ್ಟೆಯಲ್ಲಿ ಗುರುತು ಬಿಟ್ಟಿರುತ್ತವೆ. ಅಡುಗೆಮನೆಗೆ ಇಣುಕದೆಯೇ ಓದಬಹುದು.

ಮೊದಲು, ಯಾವುದು ದೋಷ ಅಲ್ಲ

“ಇದು ನಿಜವಾದ ಚೈನೀಸ್ ಅಲ್ಲ” ಎನ್ನುವ ದೂರನ್ನು ಪಕ್ಕಕ್ಕಿಡೋಣ. ಹೌದು, ಅಲ್ಲ. ಆಗಬೇಕಾಗಿಯೂ ಇಲ್ಲ. ಈ ಅಡುಗೆ ಬೆಳೆದದ್ದು ಕೋಲ್ಕತ್ತದಲ್ಲಿ. ಚೀನಾದಿಂದ ಬಂದವರು 18ನೇ ಶತಮಾನದ ಕೊನೆಯಿಂದಲೇ ಆ ಕಡೆ ನೆಲೆಸತೊಡಗಿದ್ದರು. ಆಮೇಲೆ ಆ ಊರಿನ ಟಾಂಗ್ರಾ ಬಡಾವಣೆಯಲ್ಲಿ ಚರ್ಮ ಹದ ಮಾಡುವ ಕೆಲಸ ಹಿಡಿದ ಹಕ್ಕಾ ಎಂಬ ಚೀನೀ ಸಮುದಾಯದ ಜನ ಇಲ್ಲಿನ ನಾಲಿಗೆಗೆ ತಕ್ಕಂತೆ ಹಸಿಮೆಣಸು, ಬೆಳ್ಳುಳ್ಳಿ ಏರಿಸಿದರು. ಹಕ್ಕಾ ನೂಡಲ್ಸ್‌ಗೆ ಹೆಸರು ಬಂದದ್ದು ಅವರಿಂದ. ಮಂಚೂರಿಗಂತೂ ಚೀನಾದ ಮಂಚೂರಿಯಾ ಪ್ರದೇಶದ ಜೊತೆ ಯಾವ ನೆಂಟಸ್ತಿಕೆಯೂ ಇಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಗಿರಾಕಿಯೊಬ್ಬರು ಹೊಸದೇನಾದರೂ ಮಾಡಿ ಎಂದಾಗ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್ ಹಾಕಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಎಲ್ಲ ಕಡೆ ಹೇಳುವ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂತು. ನಮ್ಮ ಬೀದಿ ತುಂಬ ಗೋಬಿ ಗಾಡಿಗಳಾದವು.

ಹಾಗಾಗಿ ಅಳೆಯಬೇಕಾದದ್ದು ಬೀಜಿಂಗಿನ ಊಟದ ಜೊತೆ ಅಲ್ಲ. ನಿಮ್ಮ ಬೀದಿಯ ಒಳ್ಳೆ ಗಾಡಿಯ ಬಿಸಿ ಗೋಬಿಯ ಜೊತೆ. ಮುನ್ನೂರು ರೂಪಾಯಿ ತೆಗೆದುಕೊಳ್ಳುವ ಎಸಿ ಹೋಟೆಲು ಆ ಗಾಡಿಗಿಂತ ಕಳಪೆ ಕೊಟ್ಟರೆ, ಅದು ದೋಷ.

ಗೋಬಿ ಮೆತ್ತಗಿದೆ

ಅತಿ ಹೆಚ್ಚು ಕಾಣುವ ದೋಷ ಇದು. ಕಾರಣ ಮಾತ್ರ ನಾಲ್ಕೈದು ಇರಬಹುದು. ಒಂದು ತುಂಡನ್ನು ಚಮಚದಿಂದ ಸೀಳಿ ನೋಡಿ.

ಹೂಕೋಸಿನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಕರಿದ ಮೇಲೂ ಒಳಗಿನ ನೀರು ಆವಿಯಾಗಿ ಹೊರಗೆ ಬರುತ್ತಲೇ ಇರುತ್ತದೆ. ಹೊರಗಿನ ಹಿಟ್ಟಿನ ಕವಚ ಅದನ್ನು ಕುಡಿದು ಮೆತ್ತಗಾಗುತ್ತದೆ. ಸಾಸ್ ಇಲ್ಲದಿದ್ದರೂ ಆಗುತ್ತದೆ. ಹೀಗಾಗಿ ಗೋಬಿ ಮಂಚೂರಿಗೆ ಆಯಸ್ಸು ಕಡಿಮೆ. ಬಾಣಲೆಯಿಂದ ಟೇಬಲ್ಲಿಗೆ ಬರುವ ದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ.

ಮೇಲಿನ ತುಂಡುಗಳು ಗರಿಗರಿ, ತಳದವು ಮೆತ್ತಗೆ ಇದ್ದರೆ ಅಡುಗೆಯವರದ್ದು ತಪ್ಪಿಲ್ಲ. ತಟ್ಟೆ ಕೌಂಟರಿನಲ್ಲಿ ಕಾದಿದೆ. ಒಯ್ಯುವವರು ಬೇರೆ ಟೇಬಲ್ಲಿನ ಬಿಲ್ ಮಾಡುತ್ತಿದ್ದರು. ಜನ ತುಂಬಿದ ಶನಿವಾರ ರಾತ್ರಿ ಇದು ಸಾಮಾನ್ಯ.

ಹೊರಗೆ ಮೆತ್ತಗೆ, ಕಚ್ಚಿದರೆ ಎಣ್ಣೆ ಜಿನುಗುತ್ತದೆ ಎಂದಾದರೆ ಎಣ್ಣೆ ಕಾದಿರಲಿಲ್ಲ. ಒಂದೇ ಸಲಕ್ಕೆ ಬಾಣಲೆ ತುಂಬ ಗೋಬಿ ಸುರಿದಾಗ ಎಣ್ಣೆಯ ಬಿಸಿ ಸರ್ರನೆ ಇಳಿಯುತ್ತದೆ. ಆಗ ಹಿಟ್ಟು ಗಟ್ಟಿಯಾಗುವ ಮೊದಲೇ ಎಣ್ಣೆ ಹೀರುತ್ತದೆ. ಇದರ ಉಲ್ಟಾ ಕೂಡ ಇದೆ. ಹೊರಗೆ ಕಪ್ಪಗೆ, ಒಳಗೆ ಹೂಕೋಸು ಹಸಿಹಸಿ. ಎಣ್ಣೆ ತೀರಾ ಕಾದಿತ್ತು, ಅಥವಾ ತುಂಡು ತೀರಾ ದೊಡ್ಡದು.

ಸೀಳಿದಾಗ ಹಿಟ್ಟೇ ಹಿಟ್ಟು, ನಡುವೆ ಉಗುರಿನಷ್ಟು ಹೂಕೋಸು ಸಿಕ್ಕರೆ ಅದು ದೋಷ ಅಲ್ಲ, ಲೆಕ್ಕಾಚಾರ. ಮೈದಾ ಅಗ್ಗ. ಅಲ್ಲಿ ರಿಪೇರಿಗೆ ಏನೂ ಇಲ್ಲ, ಹೋಟೆಲ್ ಬದಲಿಸಿ.

ಇನ್ನು ಬೆಳಗ್ಗೆ ಕರಿದಿಟ್ಟ ಗೋಬಿ. ಹಿಡಿಯುವ ದಾರಿ ಗಡಿಯಾರ. ಆರ್ಡರ್ ಕೊಟ್ಟ ಮೂರ್ನಾಲ್ಕು ನಿಮಿಷಕ್ಕೆ ಪ್ಲೇಟ್ ಬಂದರೆ ಅದು ಮೊದಲೇ ಕರಿದದ್ದು. ಹಾಗಂತ ಮೊದಲೇ ಕರಿದಿಡುವುದು ಪಾಪ ಏನಲ್ಲ. ಒಳ್ಳೆ ಅಡುಗೆಯವರು ಎರಡು ಸಲ ಕರಿಯುತ್ತಾರೆ. ಮೊದಲು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಳಗೆ ಬೇಯುವಷ್ಟು. ಆರಿದ ಮೇಲೆ 180ರ ಹತ್ತಿರ ಇನ್ನೊಮ್ಮೆ, ಹೊರಗೆ ಗರಿಗರಿಯಾಗುವಷ್ಟು. ಮೊದಲ ಸಲದ್ದನ್ನು ಮುಂಚೆ ಮಾಡಿಟ್ಟರೆ ತಪ್ಪಿಲ್ಲ. ಎರಡನೇ ಸಲದ್ದನ್ನು ಹಾರಿಸಿ, ತಣ್ಣಗಿನ ಗೋಬಿಯನ್ನು ನೇರವಾಗಿ ಬಿಸಿ ಸಾಸಿಗೆ ಹಾಕುತ್ತಾರಲ್ಲ, ಅಲ್ಲೇ ಕೆಡುವುದು.

ಹಾಗಾಗಿ ಆರ್ಡರ್ ಕೊಡುವಾಗಲೇ ಹೇಳಿ: “ಇನ್ನೊಂದು ಸಲ ಎಣ್ಣೆಗೆ ಬಿಟ್ಟು ತೆಗೀರಿ, ಸಾಸ್ ಕೊನೆಗೆ.” ಗಿರಾಕಿಗೆ ವಿಷಯ ಗೊತ್ತಿದೆ ಎಂದು ಒಳಗೆ ತಲುಪುತ್ತದೆ. ಡ್ರೈ, ಸೆಮಿ ಗ್ರೇವಿ, ಗ್ರೇವಿ ಎಂಬ ಮೂರರಲ್ಲಿ ಹೊಸ ಹೋಟೆಲಿನಲ್ಲಿ ಡ್ರೈ ಆರಿಸಿ. ಗ್ರೇವಿ ಹಳೆಯ ಗೋಬಿಯನ್ನು ಮುಚ್ಚಿಬಿಡುತ್ತದೆ.

ಎಣ್ಣೆ ಹಳೆಯದಾದರೆ ಬೇರೆ ಲಕ್ಷಣ. ಕಮಟು ವಾಸನೆ. ಗಂಟಲು ಕೆರೆತ. ತುಟಿಗೆ ಅಂಟಿಕೊಂಡ ಜಿಡ್ಡು ಟಿಶ್ಯೂಗೂ ಬಗ್ಗುವುದಿಲ್ಲ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ಸ್ ಎಂಬ ವಸ್ತುಗಳು ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿದೆ. ಟೇಬಲ್ಲಿನಲ್ಲಿ ಅಳೆಯಲು ಆಗುವುದಿಲ್ಲ, ಮೂಗು ಸಾಕು. ಈ ದೋಷಕ್ಕೆ ‘ಬಿಸಿ ಮಾಡಿ ಕೊಡಿ’ ಎನ್ನಬೇಡಿ. ಅದೇ ಎಣ್ಣೆಗೆ ಮತ್ತೆ ಬೀಳುತ್ತದೆ. ವಾಪಸ್ ಕಳಿಸಿ, ಕರಿಯದ ಏನನ್ನಾದರೂ ತರಿಸಿ.

ಫ್ರೈಡ್ ರೈಸ್ ಮುದ್ದೆ, ನೂಡಲ್ಸ್ ಗಂಟು

ಚಮಚವನ್ನು ಅನ್ನದ ಮೇಲೆ ಒತ್ತಿ ತೆಗೆಯಿರಿ. ಅಗುಳು ಜಾರಿ ಉದುರಿದರೆ ಸರಿ. ಚಮಚದ ಅಚ್ಚು ಹಾಗೇ ಉಳಿದರೆ ಮುದ್ದೆ.

ಎರಡು ಕಾರಣ ಇರಬಹುದು. ಒಂದು, ಆಗ ತಾನೇ ಬಸಿದ ಬಿಸಿ ಅನ್ನ ಹಾಕಿದ್ದಾರೆ. ಅನ್ನ ಆರಿದಾಗ ಅದರ ಪಿಷ್ಟ ಗಟ್ಟಿಯಾಗುತ್ತದೆ, ಮೇಲಿನ ತೇವ ಆರುತ್ತದೆ. ಅದಕ್ಕೇ ಹಿಂದಿನ ದಿನ ಮಾಡಿ ಫ್ರಿಜ್ಜಿನಲ್ಲಿಟ್ಟ ಅನ್ನ ಇದಕ್ಕೆ ಹೇಳಿ ಮಾಡಿಸಿದ್ದು. ಸೋನಾ ಮಸೂರಿಯಲ್ಲಿ ಫ್ರೈಡ್ ರೈಸ್ ಮಾಡುವ ನಮ್ಮ ಕಡೆಯ ಹೋಟೆಲುಗಳಿಗಂತೂ ಇದು ಇನ್ನೂ ಮುಖ್ಯ.

ಇನ್ನೊಂದು ಉರಿ. ಎಲೆಕೋಸನ್ನು ನೋಡಿ. ಅಂಚು ಅಲ್ಲಲ್ಲಿ ಕಂದಿ, ಕಚ್ಚಿದರೆ ಕರುಕುರು ಎಂದರೆ ಉರಿ ಚೆನ್ನಾಗಿತ್ತು. ಪೇಲವವಾಗಿ ಬಾಡಿ, ತಟ್ಟೆಯ ತಳದಲ್ಲಿ ನೀರು ನಿಂತಿದ್ದರೆ ಅದು ಹುರಿದದ್ದಲ್ಲ, ತನ್ನದೇ ನೀರಿನಲ್ಲಿ ಬೆಂದದ್ದು. ಹೋಟೆಲಿನ ಚೈನೀಸ್ ಒಲೆಯ ಉರಿ ಮನೆಯ ಒಲೆಗಿಂತ ಹಲವು ಪಟ್ಟು ಜೋರು. ಆ ಉರಿಯಲ್ಲಿ ಅನ್ನ ಸೀಯದಿರಲು ಗಾಳಿಯಲ್ಲಿ ಹಾರುತ್ತಲೇ ಇರಬೇಕು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಚೀನಾ ಮತ್ತು ತೈವಾನಿನ ಬಾಣಸಿಗರ ವಿಡಿಯೋ ಹಿಡಿದು ನೋಡಿ 2020ರಲ್ಲಿ ಲೆಕ್ಕ ಕೊಟ್ಟರು: ಸೆಕೆಂಡಿಗೆ ಸುಮಾರು 2.7 ಸಲ ಅನ್ನ ಮೇಲೆ ಹಾರುತ್ತದೆ. ಆ ಹಾರಾಟದಲ್ಲೇ ಹೊಗೆಯ ಘಮ ಹತ್ತುವುದು. ಈಗ ಒಂದೇ ಬಾಣಲೆಯಲ್ಲಿ ಆರು ಪ್ಲೇಟ್ ಅನ್ನ ಸುರಿದು ನೋಡಿ. ಯಾವ ತೋಳಿಗೂ ಅದನ್ನು ಹಾರಿಸುವ ತಾಕತ್ತಿಲ್ಲ. ಸೌಟಿನಲ್ಲಿ ಕಲಸುತ್ತಾರೆ ಅಷ್ಟೆ. ಚಿತ್ರಾನ್ನ ಕಲಸಿದ ಹಾಗೆ.

ಇದನ್ನು ಗಿರಾಕಿಯೇ ತಪ್ಪಿಸಬಹುದು. ಎಂಟು ಜನ ಹೋಗಿ ಎಂಟೂ ಪ್ಲೇಟ್ ವೆಜ್ ಫ್ರೈಡ್ ರೈಸ್ ಎಂದರೆ ಒಳಗೆ ಒಂದೇ ಬಾಣಲೆಗೆ ಬೀಳುವುದು ಖಾತ್ರಿ. ಎರಡು ಎರಡಾಗಿ ಹೇಳಿ. ಸಂಜೆ ಏಳಕ್ಕೇ ಹೋಗಿ, ಒಂಬತ್ತಕ್ಕಲ್ಲ.

ನೂಡಲ್ಸ್‌ಗೂ ಇದೇ ಕಥೆ. ಗಂಟಿನ ನಡುಭಾಗ ತಣ್ಣಗಿದ್ದರೆ ಬೇಯಿಸಿಟ್ಟ ನೂಡಲ್ಸನ್ನು ಬಿಡಿಸದೆ ಹಾಗೇ ಬಾಣಲೆಗೆ ಹಾಕಿದ್ದಾರೆ. ಎಳೆ ತುಂಡು ತುಂಡಾಗಿದ್ದರೆ ಮೊದಲೇ ಜಾಸ್ತಿ ಬೆಂದಿತ್ತು. ತಣ್ಣಗಿದ್ದದ್ದನ್ನು ವಾಪಸ್ ಕಳಿಸಿದರೆ ಸರಿಯಾಗಿ ಬರಬಹುದು. ಬೆಂದು ಹೋದದ್ದು ಸರಿಯಾಗುವುದಿಲ್ಲ.

ಗ್ರೇವಿ ನೀರಾಯಿತು

ಇಲ್ಲಿ ಹೋಟೆಲಿನವರ ಪರ ಒಂದು ಮಾತು. ಬಂದಾಗ ಗಟ್ಟಿಯಿದ್ದು, ಅರ್ಧ ಊಟದಲ್ಲಿ ನೀರಾದರೆ ಕಾರಣ ನಿಮ್ಮ ಚಮಚ. ಗ್ರೇವಿಯನ್ನು ಗಟ್ಟಿ ಮಾಡುವ ಕಾರ್ನ್‌ಫ್ಲೋರ್ ಅಂದರೆ ಬರೀ ಪಿಷ್ಟ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬಂದರೆ ಗ್ರೇವಿ ತೆಳ್ಳಗಾಗುವುದು ಸಹಜ. ಬಡಿಸಲು ಬೇರೆ ಚಮಚ ಇಡಿ. ನಮ್ಮ ಅಜ್ಜಿಯರ ಎಂಜಲು-ಮುಸುರೆ ನಿಯಮಕ್ಕೆ ಇಲ್ಲೊಂದು ಕಾರಣ ಸಿಕ್ಕಿತು ನೋಡಿ.

ಬರುವಾಗಲೇ ನೀರಾಗಿದ್ದರೆ ಮಾತ್ರ ಅಡುಗೆಮನೆಯ ದೋಷ. ಕಾರ್ನ್‌ಫ್ಲೋರ್ ನೀರು ಹಾಕಿದ ಮೇಲೆ ಗ್ರೇವಿ ಕುದಿಯುವ ಮಟ್ಟಕ್ಕೆ ಬರಬೇಕು, ಆಗಲೇ ಪೂರ್ತಿ ಗಟ್ಟಿಯಾಗುವುದು. ಅವಸರದಲ್ಲಿ ಇಳಿಸಿದರೆ ತೆಳ್ಳಗೂ ಇರುತ್ತದೆ, ಹಸಿ ಹಿಟ್ಟಿನ ರುಚಿಯೂ ಬರುತ್ತದೆ. ವಿನೆಗರ್ ಮೊದಲೇ ಹಾಕಿ ಹೆಚ್ಚು ಹೊತ್ತು ಕುದಿಸಿದರೂ ಹುಳಿಗೆ ಪಿಷ್ಟ ಒಡೆದು ತೆಳ್ಳಗಾಗುತ್ತದೆ. ಮೇಲೆ ಕೆನೆಯಂಥ ಪದರ ಕಟ್ಟಿದ್ದರೆ, ಮತ್ತೆ ಕಾದು ಕೂತದ್ದು. ಇವೆಲ್ಲ ಎರಡು ನಿಮಿಷದ ರಿಪೇರಿ. ಧೈರ್ಯವಾಗಿ ವಾಪಸ್ ಕಳಿಸಿ.

ಏನು ತರಿಸಿದರೂ ಒಂದೇ ರುಚಿ

ಮೆನುವಿನಲ್ಲಿ ಎಪ್ಪತ್ತು ಹೆಸರು. ಅಡುಗೆಮನೆಯಲ್ಲಿ ಎರಡು ಡಬ್ಬಿ. ಒಂದು ಕಂದು, ಒಂದು ಕೆಂಪು. ಚಿಲ್ಲಿ, ಮಂಚೂರಿ, ಗಾರ್ಲಿಕ್ ಎಲ್ಲ ಕಂದು ಡಬ್ಬಿಯಿಂದ. ಶೆಜ್ವಾನ್, ಡ್ರ್ಯಾಗನ್, ಹಾಂಗ್‌ಕಾಂಗ್ ಎಲ್ಲ ಕೆಂಪು ಡಬ್ಬಿಯಿಂದ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಪನ್ನೀರ್ ಚಿಲ್ಲಿ, ಬೇಬಿಕಾರ್ನ್ ಮಂಚೂರಿ ಎರಡನ್ನೂ ಅಕ್ಕಪಕ್ಕ ಇಟ್ಟು ತಿಂದೆ. ಕಣ್ಣು ಮುಚ್ಚಿದರೆ ಯಾವುದು ಯಾವುದು ಅಂತ ಹಲ್ಲಿಗೆ ಗೊತ್ತಾಗುತ್ತಿತ್ತು, ನಾಲಿಗೆಗೆ ಇಲ್ಲ. ಮ್ಯಾನೇಜರ್‌ಗೆ ಹೇಳಿದ್ದಕ್ಕೆ “ಸರ್, ಚೈನೀಸ್ ಅಂದ್ರೆ ಹಾಗೇ” ಎಂದರು!

ಇದನ್ನು ಮೊದಲೇ ಹಿಡಿಯಲು ನನ್ನ ಪರೀಕ್ಷೆ ಲೆಮನ್ ಕೊರಿಯಾಂಡರ್ ಸೂಪ್. ಮ್ಯಾಂಚೌ ಸೂಪ್ ಬೇಡ. ಅದರಲ್ಲಿ ಸೋಯಾ, ಖಾರ, ಮೇಲೆ ಉದುರಿಸಿದ ಕರಿದ ನೂಡಲ್ಸ್ ಸೇರಿ ಎಂಥ ತಪ್ಪನ್ನೂ ಮುಚ್ಚಬಲ್ಲವು. ತಿಳಿ ಸೂಪಿನಲ್ಲಿ ಅಡಗಲು ಜಾಗ ಇಲ್ಲ. ತರಕಾರಿ ಬೇಯಿಸಿದ ನೀರಿನ ರುಚಿ ಇದ್ದರೆ ಆ ಅಡುಗೆಮನೆಯಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ. ಬಿಸಿನೀರು, ಉಪ್ಪು, ನಿಂಬೆ ಇಷ್ಟೇ ಸಿಕ್ಕರೆ ಉಳಿದ ಆರ್ಡರ್ ಚಿಕ್ಕದು ಮಾಡಿ.

ಶೆಜ್ವಾನ್ ಬಗ್ಗೆ ಒಂದು ಅಡ್ಡಮಾತು. ಆ ಹೆಸರು ಬಂದ ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳು ಇರುತ್ತದೆ. ನಮ್ಮ ಶೆಜ್ವಾನ್ ಸಾಸಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ದೋಷ ಎನ್ನಬೇಡಿ. ತಮಾಷೆ ಏನೆಂದರೆ ಅದರ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುತ್ತದೆ. ಮಲೆನಾಡು, ಕರಾವಳಿಯವರು ಮೀನು ಸಾರಿಗೆ ಹಾಕುವ ಜುಮ್ಮನಕಾಯಿ. ಯಾವ ಚೈನೀಸ್ ಹೋಟೆಲಿನವರಾದರೂ ಅದನ್ನು ಕೆಂಪು ಡಬ್ಬಿಗೆ ಹಾಕಿ ನೋಡಬಾರದೇ? ಶೆಜ್ವಾನಿನ ನಿಜವಾದ ದೋಷ ಎರಡು. ಹಸಿ ಬೆಳ್ಳುಳ್ಳಿಯ ಘಾಟು, ಅಂದರೆ ಎಣ್ಣೆ ಬಿಡುವ ತನಕ ಹುರಿದಿಲ್ಲ. ಸಿಹಿ ಜಾಸ್ತಿ, ಅಂದರೆ ಮೆಣಸಿನಕಾಯಿ ಬದಲು ಕೆಚಪ್.

ಬಣ್ಣ ಕಣ್ಣಿಗೆ ಕುಕ್ಕುತ್ತಿದೆ

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಟಾರ್ಟ್ರಾಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಅವುಗಳಲ್ಲಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ‘ಗೋಬಿ ಬ್ಯಾನ್’ ಎಂದು ಸುಮ್ನೆ ಗಾಬರಿಯಾದವರೇ ಜಾಸ್ತಿ. ಬ್ಯಾನ್ ಆದದ್ದು ಬಣ್ಣ, ಗೋಬಿ ಅಲ್ಲ. ಅಂದರೆ ಈಗ ಗೋಬಿ ಮಂದ ಕಂದು ಬಣ್ಣದಲ್ಲಿ ಬಂದರೆ ‘ಕಲರ್ರೇ ಇಲ್ಲ’ ಎಂದು ಗೊಣಗಬಾರದು. ಅದೇ ಸರಿಯಾದ ಗೋಬಿ.

ಅನುಮಾನ ಬಂದರೆ ಒಂದು ಡ್ರೈ ತುಂಡನ್ನು ಬೆಚ್ಚಗಿನ ನೀರಿನ ಲೋಟಕ್ಕೆ ಹಾಕಿ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಅದು ಎಣ್ಣೆಯ ಹನಿಯಾಗಿ ಮೇಲೆ ತೇಲುತ್ತದೆ. ಈ ಕೃತಕ ಬಣ್ಣಗಳು ನೀರಿನಲ್ಲಿ ಕರಗುತ್ತವೆ. ಲೋಟದ ನೀರೆಲ್ಲ ಕಿತ್ತಳೆಯೋ ಗುಲಾಬಿಯೋ ಆದರೆ ಅನುಮಾನಕ್ಕೆ ಕಾರಣ ಇದೆ. ಸೋಯಾದಿಂದ ನೀರು ಕಂದಾಗಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದು ಲ್ಯಾಬ್ ಪರೀಕ್ಷೆ ಅಲ್ಲ, ತಿನ್ನಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಕು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇರುವ ನಾಡಿನಲ್ಲಿ ಕೆಂಪಿಗೆ ಬಣ್ಣದ ಪುಡಿ ಹಾಕುವುದು ಸೋಮಾರಿತನ ಎನ್ನದೆ ಏನೆನ್ನಲಿ?

ಅಜಿನೊಮೊಟೊ ಮೇಲಿನ ಗೂಬೆ

ಊಟ ಸರಿಬರದಿದ್ದರೆ ಎಲ್ಲರೂ ಮೊದಲು ಗೂಬೆ ಕೂರಿಸುವುದು ಇದರ ಮೇಲೆ. ಟೋಕಿಯೊದ ಕಿಕುನೆ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ, ಅಜಿನೊಮೊಟೊಗೆ ರುಚಿ ಕೊಡುವ ಗ್ಲುಟಮೇಟ್ ಟೊಮ್ಯಾಟೊದಲ್ಲೂ ಇದೆ. ಊಟದ ನಂತರ ಬಾಯಾರಿಕೆ, ಭಾರ ಅನ್ನಿಸಿದರೆ ಮೊದಲು ಉಪ್ಪನ್ನು ಶಂಕಿಸಿ. ಸೋಯಾ ಸಾಸಿನಲ್ಲಿ ಉಪ್ಪು, ಚಿಲ್ಲಿ ಸಾಸಿನಲ್ಲಿ ಉಪ್ಪು, ಅನ್ನಕ್ಕೆ ಉಪ್ಪು, ಮೇಲೆ ಚಿಟಿಕೆ ಉಪ್ಪು. ಅಡುಗೆ ಉಪ್ಪಿನಲ್ಲಿ ಸೋಡಿಯಂ ಶೇ 39ರಷ್ಟು, ಅಜಿನೊಮೊಟೊದಲ್ಲಿ ಸುಮಾರು ಶೇ 12. “ಉಪ್ಪು ಬೇರೆ ಹಾಕಬೇಡಿ, ಸೋಯಾ ಸಾಕು” ಎನ್ನುವುದು “ಅಜಿನೊಮೊಟೊ ಬೇಡ” ಎನ್ನುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ ಬೇರೆ: ಆಯ್ಸ್ಟರ್ (ಕಡಲ ಸಿಂಪಿಯ) ಸಾಸ್ ಹಾಕ್ತೀರಾ, ಸೂಪಿಗೆ ಯಾವ ಸ್ಟಾಕ್ (ಬೇಯಿಸಿದ ತಿಳಿ), ಕರಿಯುವ ಎಣ್ಣೆ ಒಂದೇನಾ? ಉತ್ತರ ತಡವಾದರೆ ಅದೇ ಉತ್ತರ.

ಪಾರ್ಸೆಲ್, ಬಿಲ್

ಪಾರ್ಸೆಲ್ ಗೋಬಿ ಮೆತ್ತಗೆ ಬಂದದ್ದಕ್ಕೆ ಬೈಯುವ ಮುನ್ನ ಡಬ್ಬಿ ನೋಡಿ. ಮುಚ್ಚಳದೊಳಗೆ ಬೆವರಿದ್ದರೆ ಆವಿ ಹೊರಗೆ ಹೋಗಿಲ್ಲ. ಕರಿದದ್ದು, ಸಾಸ್ ಎರಡನ್ನೂ ಬೇರೆ ಕಟ್ಟಿಸಿ, ಮನೆಯಲ್ಲಿ ಬಾಣಲೆಯಲ್ಲಿ ಸೇರಿಸಿ. ಮೈಕ್ರೋವೇವ್ ಬೇಡ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿ ಸೇರಿದ್ದರೆ ತೆಗೆಸಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಇದರ ವಿರುದ್ಧ ಮಾರ್ಗಸೂಚಿ ಕೊಟ್ಟಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಟಿಪ್ಸ್ ಕೊಡುವುದು ನಿಮ್ಮ ಇಷ್ಟ. ಜಿಎಸ್‌ಟಿ ಬೇರೆ ವಿಷಯ, ಅದನ್ನು ಕಟ್ಟಲೇಬೇಕು.

ಹೊಟ್ಟೆ ಕೆಟ್ಟರೆ

ರುಚಿಯ ದೋಷಗಳು ಇಲ್ಲಿಗೆ ಮುಗಿದವು. ಇನ್ನುಳಿದದ್ದು ಒಂದೇ, ಅದು ರುಚಿಯಲ್ಲಿ ಗೊತ್ತಾಗದು.

ಹಿಂದಿನ ದಿನದ ಅನ್ನ ಒಳ್ಳೆಯದು ಎಂದೆ. ಅದು ಫ್ರಿಜ್ಜಿನಲ್ಲಿದ್ದರೆ ಮಾತ್ರ. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ, ವಾಂತಿ ತರಿಸುವ ವಿಷ ಬಾಣಲೆಯ ಉರಿಗೂ ನಾಶವಾಗುವುದಿಲ್ಲ. 1970ರ ದಶಕದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ಹೀಗೆ ಕಾಯಿಲೆ ಬಿದ್ದಾಗಲೇ ಇದು ಹೆಚ್ಚು ಬೆಳಕಿಗೆ ಬಂದದ್ದು. ಊಟವಾದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುವುದು ಇದರ ಗುರುತು. ಹೆಚ್ಚಾಗಿ ಒಂದು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಒಆರ್‌ಎಸ್ ಕುಡಿಯುತ್ತಿರಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಿಗೆ ಹೀಗಾದರೆ, ಅಥವಾ ಯಾರಿಗೇ ಆಗಲಿ ರಕ್ತ, ಜ್ವರ, ನಿಲ್ಲದ ವಾಂತಿ ಕಂಡರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಪಾರ್ಸೆಲ್ ಉಳಿದಿದ್ದರೆ ಎಸೆಯಬೇಡಿ. ಕಟ್ಟಿ, ಗುರುತು ಹಾಕಿ, ಫ್ರಿಜ್ಜಿನಲ್ಲಿಡಿ. ಬಿಲ್ ಹುಡುಕಿ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಲೇಬೇಕು. ಅದೇ ಇಲ್ಲದಿದ್ದರೆ ಅದೇ ಮೊದಲ ದೂರು. ಅದೇ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ದೂರು ಹಾಕಬಹುದು. ದುಡ್ಡಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915. ದೂರಿನಲ್ಲಿ ತಿಂದ ಹೊತ್ತು, ವಾಂತಿ ಶುರುವಾದ ಹೊತ್ತು, ಯಾರು ಏನೇನು ತಿಂದರು, ಇಷ್ಟು ಬರೆಯಿರಿ. ಜೊತೆಗಿದ್ದವರಲ್ಲಿ ಅನ್ನ ಮುಟ್ಟದವರು ಯಾರಾದರೂ ಇದ್ದರೆ, ಅವರಿಗೆ ಏನೂ ಆಗಿಲ್ಲ ಎಂಬುದನ್ನೂ ಸೇರಿಸಿ. ಯಾವ ಪದಾರ್ಥದ ಬೆನ್ನು ಹತ್ತಬೇಕು ಎಂದು ಅಧಿಕಾರಿಗೆ ಹೊಳೆಯುವುದು ಆ ಒಂದು ಸಾಲಿನಿಂದ.